ಒಂದೇ ಬಾಲದ ಮೂರು ಕಾಗದ

ಲ್ಯಾಬ್ ಕೆಲಸಕ್ಕೆ ಸೇರುವ ಹುಡುಗಿಯರು ಈಗಲೂ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ರಕ್ತ ತೆಗೆಯುವುದು, ಗಾಜಿನ ಮೇಲೆ ಬಣ್ಣ ಹಾಕುವುದು, ಯಂತ್ರ ನಡೆಸುವುದು ಎಲ್ಲವನ್ನೂ ಕಾಲೇಜಿನಲ್ಲಿ ಕಲಿತೇ ಬಂದಿರುತ್ತಾರೆ. ನನಗೆ ಬರದಿದ್ದುದೂ ಅವರಿಗೆ ಬರುತ್ತದೆ. ಅವರು ಕೇಳುವುದು ಒಂದೇ ಮಾತು: "ಅಕ್ಕಾರ, ಕಾಗದ ಕೈಯಾಗ ಕೊಡುವಾಗ ಏನ ಹೇಳಬೇಕ್ರಿ?" ಬಹಳ ದಿನ ಈ ಪ್ರಶ್ನೆಗೆ ಚಹಾ ಕೊಟ್ಟು ಮಾತು ಮರೆಸಿ ಕಳಿಸಿದ್ದೇನೆ. ಇನ್ನು ಮರೆಸುವುದು ಬೇಡವೆಂದು ಬರೆಯಲು ಕುಳಿತಿದ್ದೇನೆ.

ಚಿಕ್ಕೋಡಿಯ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಸೇರಿದಾಗಲೂ ಟೈಪಿಸ್ಟ್, ಬಿಟ್ಟಾಗಲೂ ಟೈಪಿಸ್ಟ್. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸರ್ಜನ್ನರು ಮೈಯಿಂದ ಕತ್ತರಿಸಿ ತೆಗೆದ ತುಂಡುಗಳನ್ನು ಔಷಧಿಯ ನೀರಿನ ಬಾಟಲಿಯಲ್ಲಿ ಹಾಕಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ಮಂಗಳವಾರ ಮತ್ತು ಶುಕ್ರವಾರ ಮಿರಜದಿಂದ ದೊಡ್ಡ ಡಾಕ್ಟರು ಬಂದು, ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು, ಕಂಡದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಸಂಜೆ ಕಿಟಕಿಯಲ್ಲಿ ಕುಳಿತು ಕಾಗದ ಹಂಚುತ್ತಿದ್ದೆ. ಕಿಟಕಿಯ ಹೊರಗೆ ಬೇವಿನ ಮರ, ಅದರ ಕೆಳಗೊಂದು ಕಲ್ಲಿನ ಬೆಂಚು. ಆ ಬೆಂಚಿನ ಮೇಲೆ ಕುಳಿತವರ ಹಣೆಬರಹ ಅವರಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಎಷ್ಟೋ ದಿನ ಆ ಕಡೆ ನೋಡಲು ಆಗದೆ ಕಿಟಕಿಗೆ ಪರದೆ ಎಳೆದುಕೊಂಡು ಕೆಲಸ ಮಾಡಿದ್ದೇನೆ.

ಪಿಯುಸಿ ಮುಗಿಸಿದ ನನಗೆ ಆ ಪದಗಳು ಮೊದಮೊದಲು ಗೂಡ್ಸ್ ರೈಲಿನಂತೆ ಕಂಡವು, ಡಬ್ಬಿಯ ಹಿಂದೆ ಡಬ್ಬಿ. ಮೊದಲ ತಿಂಗಳು ಒಂದೊಂದು ಪದಕ್ಕೆ ಮೂರು ಮೂರು ಸಲ ಕೇಳುತ್ತಿದ್ದೆ. ದೊಡ್ಡ ಡಾಕ್ಟರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ದಿನ ಎದ್ದು ಬಂದು ನನ್ನ ಹಿಂದೆ ನಿಂತು, "ತಲಿ ಕಡೆಯಿಂದ ಯಾಕ ಹತ್ತತಿ? ಬಾಲ ಹಿಡಿ. ಬಾಲ ಸಿಕ್ತಂದ್ರ ಜಾತಿ ತಿಳೀತು. ತಲಿ ಆಮ್ಯಾಲ ನೋಡು, ಎಲ್ಲಿ ಆಗೇತಿ ಅನ್ನೂದ ತಿಳೀತೈತಿ" ಎಂದರು. ಹೀಗೆ ಹೇಳಿಕೊಟ್ಟ ಮನುಷ್ಯ ಆಮೇಲೆ ಮೂವತ್ತು ವರ್ಷ ನನ್ನನ್ನು ಬೈದರೂ ನಾನು ಹೊಟ್ಟೆಯಲ್ಲಿ ಹಾಕಿಕೊಂಡೆ.

ಅಂದೇ ಒಂದು ಇನ್ನೂರು ಪುಟದ ನೋಟುಬುಕ್ಕು ತಂದೆ. ಒಂದೊಂದು ಬಾಲಕ್ಕೆ ಒಂದೊಂದು ಭಾಗ. 'ಐಟಿಸ್' ಎಂದು ಮುಗಿದರೆ ಉರಿಯೂತ: ಅಪೆಂಡಿಸೈಟಿಸ್, ಲಿಂಫಡಿನೈಟಿಸ್, ಆಸ್ಟಿಯೋಮೈಲೈಟಿಸ್. ಇವು ಬಂದರೆ ನನಗೆ ಖುಷಿ, ಔಷಧಿಗೆ ಬಗ್ಗುವ ಜಾತಿ. 'ಎಕ್ಟಮಿ' ಎಂದರೆ ಕತ್ತರಿಸಿ ತೆಗೆದದ್ದು. 'ಓಸಿಸ್' ಎಂದರೆ ಒಂದು ಸ್ಥಿತಿ, ಒಳ್ಳೆಯದೂ ಇರಬಹುದು ಕೆಟ್ಟದ್ದೂ ಇರಬಹುದು. ಎಲ್ಲಕ್ಕಿಂತ ದಪ್ಪಗಾದ ಭಾಗ 'ಓಮಾ'ದ್ದು. ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಓಮಾ ಎಂದರೆ ಗಂಟು. ಲೈಪೋಮಾ ಕೊಬ್ಬಿನ ಗಂಟು. ಆಸ್ಟಿಯೋಮಾ ಎಲುಬಿನ ಗಂಟು. ಹೆಮಾಂಜಿಯೋಮಾ ರಕ್ತನಾಳಗಳ ಗಂಟು. ನ್ಯೂರೋಫೈಬ್ರೋಮಾ ನರದ ಮೇಲಿನದು. ಫೈಬ್ರೋಅಡಿನೋಮಾ ಎಂಬುದು ವಯಸ್ಸಿನ ಹೆಣ್ಣುಮಕ್ಕಳ ಎದೆಯಲ್ಲಿ ಗೋಲಿಯ ಹಾಗೆ ಓಡಾಡುವ ನಿರುಪದ್ರವಿ. ಗ್ಲೌಕೋಮಾಕ್ಕೂ ಅದೇ ಬಾಲ, ಆದರೆ ಅಲ್ಲಿ ಗಂಟೇ ಇಲ್ಲ, ಅದು ಕಣ್ಣಿನ ರೋಗ. ಇವೆಲ್ಲದರ ನಡುವೆ ಅದೇ ಬಾಲ ಹೊತ್ತು ಕುಳಿತವು ಕ್ಯಾನ್ಸರಿನ ಜಾತಿಗಳು: ಸಾರ್ಕೋಮಾ, ಮೆಲನೋಮಾ, ಲಿಂಫೋಮಾ, ಮತ್ತೆ ಕಾರ್ಸಿನೋಮಾ. ಕೊನೆಯದರ ತಲೆಯಲ್ಲಿ ಏಡಿ ಇದೆಯೆಂದು ಡಾಕ್ಟರು ಹೇಳಿದ್ದರು. ಕೃಷ್ಣೆಯ ದಂಡೆಯಲ್ಲಿ ಬೆಳೆದವಳು ನಾನು, ಏಡಿ ಹಿಡಿದರೆ ಹೇಗೆ ಬಿಡುವುದಿಲ್ಲ ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈ ಪದಗಳಿಗೆ ನಮ್ಮ ಕಡೆ ಇನ್ನೊಂದು ಉಪಯೋಗವಿತ್ತು. ನಮ್ಮ ಗಡಿಯ ತಾಲೂಕುಗಳಲ್ಲಿ ಕನ್ನಡದಲ್ಲಿ ಹೇಳಿದರೂ ತಿಳಿಯುತ್ತದೆ, ಮರಾಠಿಯಲ್ಲಿ ಹೇಳಿದರೂ ತಿಳಿಯುತ್ತದೆ, ಹಿಂದಿ ಎಲ್ಲರಿಗೂ ಬರುತ್ತದೆ. ದೊಡ್ಡ ಡಾಕ್ಟರು ರಜೆಯಲ್ಲಿದ್ದಾಗ ಮೈಸೂರು ಕಡೆಯ ಹುಡುಗ ಡಾಕ್ಟರನೊಬ್ಬ ಬಂದಿದ್ದ. ರೋಗಿ ಕನ್ನಡದ ಮುದುಕ, ಮಗನ ಜೊತೆ ಬಂದಿದ್ದ. ಹುಡುಗ ಡಾಕ್ಟರ ಮುದುಕನಿಗೆ ತಿಳಿಯದಿರಲೆಂದು ಜಾಣತನ ಮಾಡಿ, ಕಲಿತ ನಾಲ್ಕು ಮರಾಠಿ ಮಾತಿನಲ್ಲಿ ಮಗನಿಗೆ "ಮೂರು ತಿಂಗಳು" ಎಂದು ಹೇಳಿಬಿಟ್ಟ. ಮುದುಕ ಅದೇ ಮರಾಠಿಯಲ್ಲಿ, ಅವನಿಗಿಂತ ಚೊಕ್ಕವಾಗಿ, "ಅಂದರೆ ದ್ರಾಕ್ಷಿ ಕೊಯ್ಲಿನ ತನಕ ಇರ್ತೀನೋ ಇಲ್ಲೋ?" ಎಂದು ಕೇಳಿದ. ಅಡಗಿಸಿಡಲು ನಮಗೆ ಉಳಿದಿದ್ದ ಒಂದೇ ಜಾಗ ಇಂಗ್ಲಿಷು. ಅದರಲ್ಲೂ ಉದ್ದನೆಯ ಪದ.

ಅಡಗಿಸಬೇಕು ಎಂದು ನನಗೆ ಕಲಿಸಿದ್ದು ನನ್ನದೇ ಒಂದು ತಪ್ಪು. ಸೇರಿದ ಎರಡನೇ ವರ್ಷ. ಅಥಣಿ ಕಡೆಯ ನಲವತ್ತರ ಆಸುಪಾಸಿನ ಮನುಷ್ಯ ಒಬ್ಬನೇ ಬಂದಿದ್ದ. ಕಾಗದ ಅವನದೇ. "ಏನ ಬರದಾರ ಹೇಳ್ರಿ ಅಕ್ಕಾರ" ಎಂದ. ಆಗ ನನಗೆ ನೋಟುಬುಕ್ಕಿನ ಸೊಕ್ಕು. ಬಾಲ ಇದು, ತಲೆ ಇದು, ಹೀಗೆಂದರೆ ಇದು ಎಂದು ಶಾಲೆಯ ಮಾಸ್ತರರಂತೆ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿದ. ನೀರು ಬೇಡಿ ಕುಡಿದ. ಲೋಟ ತೊಳೆದಿಟ್ಟ. "ಬರ್ತೀನ್ರಿ" ಎಂದು ಹೋದ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹಾಕಿಕೊಳ್ಳದೆಯೇ ಹೋದ ಎಂಬುದು ನಾನು ಮನೆಗೆ ಹೊರಟಾಗ ಗೊತ್ತಾಯಿತು. ಮರುದಿನವೂ ಚಪ್ಪಲಿ ಅಲ್ಲೇ ಇದ್ದವು. ಗುಡಿಸುವವಳು ಅವುಗಳ ಸುತ್ತ ಗುಡಿಸಿದಳೇ ಹೊರತು ಮುಟ್ಟಲಿಲ್ಲ. ಮೂರನೆಯ ದಿನ ಅವನ ಅಣ್ಣ ಬಂದು ಚಪ್ಪಲಿ ಕೈಯಲ್ಲಿ ಎತ್ತಿಕೊಂಡ. "ಯಡೂರ ಹತ್ರ ಹೊಳ್ಯಾಗ ಸಿಕ್ಕ" ಎಂದಷ್ಟೇ ಹೇಳಿದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ದೊಡ್ಡ ಡಾಕ್ಟರಿಗೆ ಸುದ್ದಿ ಮುಟ್ಟಿತು. ಈ ಸಲ ಅವರು ಕೂಗಾಡಲಿಲ್ಲ. "ಪೇಷಂಟ್ ಮುಂದ ಗಂಟು ಅಂದ್ರ ಸಾಕು. ಉಳಿದದ್ದ ಮನಿ ಗಂಡಸರಿಗೆ ಹೇಳೋಣ" ಎಂದರು. ಅಂದಿನಿಂದ ನಾನೊಂದು ಮಾತು ಕಟ್ಟಿಕೊಂಡೆ: "ಕೊಬ್ಬಿನ ಗಂಟ ಐತಿ. ಡಾಕ್ಟರ ಔಷಧಿ ಕೊಡ್ತಾರ. ಹೆದರಬ್ಯಾಡ್ರಿ." ಇದನ್ನು ನಗುತ್ತಾ ಹೇಳಬೇಕು, ಕಣ್ಣು ತಪ್ಪಿಸಬಾರದು, ಹೇಳಿದ ಮೇಲೆ ಊಟ ಆಯಿತೇ ಎಂದು ಕೇಳಬೇಕು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕಲಿತೆ. ವರ್ಷಗಳು ಹೋದ ಹಾಗೆ ಆ ಮಾತು ಎಷ್ಟು ಸಲೀಸಾಯಿತೆಂದರೆ, ಹೇಳುವಾಗ ನನ್ನ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಈಗ ಯೋಚಿಸಿದರೆ ಮೈ ಜುಮ್ಮೆನ್ನುವುದು ಅದಕ್ಕೇ.

ಹಾಗೆ ಕೇಳಿ ಹೋದವರಲ್ಲಿ ರಾಯಬಾಗದ ಕಡೆಯ ಕಲ್ಲವ್ವ ಒಬ್ಬಳು. ಎದೆಯ ಗಂಟು. ಕಾಗದದಲ್ಲಿ ಕಾರ್ಸಿನೋಮಾ. ಅವಳ ಗಂಡ ಮೊದಲೇ ಕಿಟಕಿಗೆ ಬಂದು, "ಎರಡ ಹೆಣ್ಣಮಕ್ಕಳದಾವ್ರಿ, ಇನ್ನ ಲಗ್ನ ಆಗಬೇಕು. ಹೆಣ್ಣಮಕ್ಕಳ ಮುಂದ ಬಾಯಿ ಬಿಡಬ್ಯಾಡ್ರಿ, ಸಂಬಂಧ ಕೂಡಂಗಿಲ್ಲ" ಎಂದು ಕೈ ಮುಗಿದಿದ್ದ. ನಾನು ಕಲ್ಲವ್ವನ ಮುಂದೆ ನನ್ನ ಮಾತು ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನಿನ್ನ ಬಾಯಾಗ ಸಕ್ಕರಿ ಬೀಳಲಿ, ತಾಯಿ" ಎಂದು ನನ್ನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು. ಪಕ್ಕದಲ್ಲಿ ಲಂಗ ದಾವಣಿಯ ಇಬ್ಬರು ಹುಡುಗಿಯರು ನಿಂತು ನಗುತ್ತಿದ್ದರು. ಮುಂದಿನ ಬೇಸಿಗೆಗೆ ಕಲ್ಲವ್ವ ಇರಲಿಲ್ಲ.

ನಾಲ್ಕೈದು ವರ್ಷವಾದ ಮೇಲೆ ಆ ಹುಡುಗಿಯರಲ್ಲಿ ಹಿರಿಯಳು, ಸುರೇಖಾ, ನಿಪ್ಪಾಣಿಗೆ ಮದುವೆಯಾಗಿ ಹೋದವಳು, ಅದೇ ಬೆಂಚಿನ ಮೇಲೆ ಕುಳಿತಿದ್ದಳು. ಗಂಟು ಬಂದು ಒಂದೂವರೆ ವರ್ಷವಾಗಿತ್ತು, ಯಾರಿಗೂ ತೋರಿಸಿರಲಿಲ್ಲ. ಅವಳ ಗಂಡನನ್ನು ಬದಿಗೆ ಕರೆದು ಹೇಳಿದೆ. ಅವಳಿಗೆ ನನ್ನ ಮಾತು ಹೇಳಿದೆ. "ನಮ್ಮವ್ವಗೂ ಇದ ಆಗಿತ್ತಲ್ರಿ, ಕೊಬ್ಬಿನ ಗಂಟ. ಅಕಿ ಸತ್ತದ್ದ ಬ್ಯಾರೆ ಏನೋ ಜಡ್ಡಿಗೆ" ಎಂದಳು. ಅವಳು ನಂಬಿದ್ದು ಹಾಗೆ. ನಾನು ತಲೆಯಾಡಿಸಿದೆ. ಅವಳನ್ನೂ ಕಳೆದುಕೊಂಡೆವು.

ಕಿರಿಯವಳು ಶೋಭಾ. ಜುಗೂಳಿಗೆ ಕೊಟ್ಟಿದ್ದರು. ಕೌದಿ ಹೊಲಿಯುವುದರಲ್ಲಿ ಅವಳ ಕೈ ಆ ಕಡೆಗೆಲ್ಲ ಹೆಸರಾಗಿತ್ತು. ಹಳೆಯ ಸೀರೆ ಕೊಟ್ಟರೆ ತುಂಡು ತುಂಡು ಕೂಡಿಸಿ, ಎಲ್ಲಿ ಯಾವ ಹೂವಿನ ಅರ್ಧ ಇದೆಯೋ ಹುಡುಕಿ ಇನ್ನರ್ಧಕ್ಕೆ ಜೋಡಿಸುತ್ತಿದ್ದಳು. ಇಂಗ್ಲಿಷು ಓದಲು ಬರುತ್ತಿರಲಿಲ್ಲ, ಕನ್ನಡವೂ ಅಷ್ಟಕ್ಕಷ್ಟೆ. ಇಪ್ಪತ್ತಾರರ ವಯಸ್ಸು, ಮೂರು ವರ್ಷದ ಮಗಳು ಕಂಕುಳಲ್ಲಿ. ಅವಳ ಬಾಟಲಿ ಬಂದ ದಿನ ಹೆಸರನ್ನು ಎರಡು ಸಲ ಓದಿದೆ. ಡಾಕ್ಟರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ "ಫೈಬ್ರೋಅಡಿನೋಮಾ" ಎಂದರು. ನಾನು ಟೈಪ್ ಮಾಡುವುದನ್ನು ಬಿಟ್ಟು ಅತ್ತುಬಿಟ್ಟೆ. "ವರ್ಷಕ್ಕೊಮ್ಮೆ ತಪ್ಪದ ತೋರಿಸಬೇಕು, ಮನಿತನ ಹಂತಾದ್ದೈತಿ. ಇದ ಮಾತ್ರ ಏನೂ ಅಲ್ಲ" ಎಂದರು ಡಾಕ್ಟರು.

ಶೋಭಾಳನ್ನು ನಾನೇ ಹೊರಗೆ ಹೋಗಿ ಕರೆದೆ. ಕೈ ಹಿಡಿದುಕೊಂಡು, "ಗಂಟ ಐತಿ, ಏನೂ ಕೆಟ್ಟದ್ದಲ್ಲ. ಹೆದರಬ್ಯಾಡ. ಊಟ ಆತೇನ?" ಎಂದೆ. ಅವಳು ನನ್ನ ಮುಖವನ್ನು ನೋಡಿದಳು. ಬಟ್ಟೆಯ ತುಂಡು ನೋಡುವಂತೆ, ಅಂಚಿನಿಂದ ಅಂಚಿಗೆ ನೋಡಿದಳು. "ಹೌದ್ರಿ ಅಕ್ಕಾರ" ಎಂದು ಕಾಗದ ತೆಗೆದುಕೊಂಡು ಹೋದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ಒಬ್ಬಳೇ ಬಂದಳು. ಕಿಟಕಿಯ ಕಟ್ಟೆಯ ಮೇಲೆ ಮೂರು ಕಾಗದ ಒಂದರ ಕೆಳಗೊಂದು ಹಾಸಿದಳು. ತಾಯಿಯದು, ಅಕ್ಕನದು, ತನ್ನದು. ಮೂರನ್ನೂ ನಾನೇ ಟೈಪ್ ಮಾಡಿದ್ದು. ಪ್ರತಿ ಕಾಗದದಲ್ಲೂ ಕೆಳಗೆ ಡಾಕ್ಟರ ಸಹಿಯ ಮೇಲಿನ ಸಾಲಿನಲ್ಲಿ ಒಂದು ಉದ್ದನೆಯ ಪದ. ಅದರ ಕೊನೆಯ ಮೂರು ಅಕ್ಷರದ ಕೆಳಗೆ ಕೆಂಪು ದಾರದಿಂದ ಹೊಲಿಗೆ ಹಾಕಿದ್ದಳು. ಕಾಗದ ಹರಿಯದಂತೆ, ಸಣ್ಣ ಸೂಜಿಯಲ್ಲಿ, ಅಷ್ಟು ನಾಜೂಕಾಗಿ.

"ನನಗ ಓದಾಕ ಬರೂದಿಲ್ರಿ. ಆದ್ರ ನಮೂನಿ ಕೂಡ್ತೈತೋ ಇಲ್ಲೋ ನೋಡಾಕ ಬರತೈತಿ" ಎಂದಳು. "ಅವ್ವಗ ಕೊಬ್ಬಿನ ಗಂಟ ಅಂದ್ರಿ. ಅಕ್ಕಗ ಕೊಬ್ಬಿನ ಗಂಟ ಅಂದ್ರಿ. ಮೂರೂ ಕಾಗದಕ್ಕ ಅಂಚ ಒಂದ ಐತಿ."

ನಾನು ವಿವರಿಸಲು ಹೊರಟೆ. ಬಾಲ ಒಂದೇ, ತಲೆ ಬೇರೆ, ಈ ತಲೆಗೆ ಹೆದರಬೇಕಾಗಿಲ್ಲ ಎಂದೆ. ನನ್ನ ದನಿ ನನಗೇ ಕೇಳಿಸಿತು. ಅದೇ ನಗು, ಅದೇ ಕಣ್ಣು ತಪ್ಪಿಸದ ನೋಟ. ಕನ್ನಡಿಯ ಮುಂದೆ ಕಲಿತದ್ದು ನಿಜ ಹೇಳುವಾಗಲೂ ನನ್ನ ಮುಖ ಬಿಟ್ಟು ಹೋಗಲಿಲ್ಲ. ಡಾಕ್ಟರನ್ನು ಕರೆಸಿದೆ. ಅವರೂ ನಗುತ್ತಲೇ ಹೇಳಿದರು. "ಅವ್ವಗೂ ಅಕ್ಕಾರ ಹಿಂಗ ನಕ್ಕೋತ ಹೇಳಿದ್ರು ಸಾಹೇಬ್ರ" ಎಂದು ಶೋಭಾ ಕಾಗದ ಮಡಚಿಕೊಂಡಳು. ಸಿಟ್ಟಿಲ್ಲ, ಅಳುವಿಲ್ಲ. ಲೆಕ್ಕ ಕೂಡಿದ ಮೇಲೆ ಇರುವಂಥ ಶಾಂತಿ.

ತಿಂಗಳ ಮೇಲೆ ಅವಳ ನೆಗೆಣ್ಣಿ ಮಹಾದೇವಿ ನನ್ನನ್ನು ಹುಡುಕಿಕೊಂಡು ಬಂದಳು. ಶೋಭಾಳ ಗಂಡನ ಅಣ್ಣನ ಹೆಂಡತಿ, ಮಕ್ಕಳಿಲ್ಲದವಳು. "ಅಕಿ ಊಟ ಬಿಟ್ಟಾಳ್ರಿ. ಒಂದ ಹೊತ್ತ ಅರ್ಧ ರೊಟ್ಟಿ. ಒಮ್ಮೆ ಬಂದ ನೋಡ್ರಿ, ನನಗ ಅಂಜಿಕಿ ಬರಾಕತ್ತೈತಿ" ಎಂದಳು. ಭಾನುವಾರ ಜುಗೂಳಿಗೆ ಹೋದೆ.

ಮಟಮಟ ಮಧ್ಯಾಹ್ನ. ಪಡಸಾಲೆಯಲ್ಲಿ ಮಗು ಆಡುತ್ತಿತ್ತು. ಒಳಗೆ ಕಂಬಕ್ಕೆ ಒರಗಿ ಶೋಭಾ ಕೌದಿ ಹೊಲಿಯುತ್ತಿದ್ದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮಾತು ತೆಗೆಯಲೆಂದು ಮಗುವಿಗೆ, "ನಿಮ್ಮವ್ವ ಎಲ್ಲಿ?" ಎಂದೆ. ಮಗು ಓಡಿಹೋಗಿ ಮಹಾದೇವಿಯ ಸೀರೆ ಹಿಡಿದು, "ಇಕಿ" ಎಂದಿತು. ಕಂಬದ ಕಡೆ ತೋರಿಸಿ, "ಅಕಿ ಯಾರ?" ಎಂದೆ. "ಅಕಿ ಕಾಕು. ಅಕಿ ಇಲ್ಲ" ಎಂದಿತು. ಕಾಕು ಎಂದರೆ ಚಿಕ್ಕಪ್ಪನ ಹೆಂಡತಿ.

ನಾನು ಶೋಭಾಳ ಕಡೆ ತಿರುಗಿದೆ. ಶೋಭಾ ಸೂಜಿ ನಿಲ್ಲಿಸದೆ, "ನಾನ ಕಲಿಸೇನ್ರಿ" ಎಂದಳು. "ಅವ್ವ ಸತ್ತಾಗ ನಾನು ಆರ ತಿಂಗಳ ಬಾಗಿಲ ಕಾಯ್ಕೋತ ಕುಂತಿದ್ದೆ. ಇದು ಕಾಯಬಾರದ. ನಾನ ಇರೂತನಾನ ನನ್ನ ಮರೀಲಿ. ಮದಲ ಭಾಳ ಅಳ್ತಿತ್ತು. ನನ್ನ ಕಡೆ ಬಂದ್ರ ಮಾರಿ ತಿರಿವಿದೆ. ಈಗ ಬರಂಗಿಲ್ಲ." ಮಹಾದೇವಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಮಗು ತನ್ನ ತಾಯಿಯ ಮುಂದಿನಿಂದ, ಅಲ್ಲಿ ಬರೀ ಕಂಬ ಇದೆಯೇನೋ ಎಂಬಂತೆ, ಹಾದುಹೋಗಿ ಚೆಂಡು ತಂದುಕೊಂಡಿತು.

ನಾನು ಆಗ ಮಾಡಿದ್ದು ಕೆಲಸದ ನಿಯಮಕ್ಕೆ ವಿರುದ್ಧ. ನೀವು ಮಾಡಬೇಡಿ. ಹಳೆಯ ರಿಜಿಸ್ಟರು ತೆಗೆದು, ಅದೇ ಬಾಲದ ಕಾಗದ ಒಯ್ದು ಇಂದಿಗೂ ಗಟ್ಟಿಮುಟ್ಟಾಗಿರುವವರ ಹೆಸರು ಹುಡುಕಿದೆ. ಅವರನ್ನು ಕೇಳಿ ಒಪ್ಪಿಸಿ, ಶೋಭಾಳನ್ನು ಬಸ್ಸಿನಲ್ಲಿ ಕರೆದುಕೊಂಡು ತಿರುಗಿದೆ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ ದುಡಿಯಲು ಹೋಗುತ್ತಿದ್ದ ಮುದುಕಿ, ಬೆನ್ನಿನ ಮೇಲೆ ಲೈಪೋಮಾ ತೆಗೆಸಿ ಹದಿನೈದು ವರ್ಷ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಮನೆಯ ಸೊಸೆ, ಶೋಭಾಳದೇ ಪದ, ಶೋಭಾಳದೇ ಗಂಟು, ಆಮೇಲೆ ಎರಡು ಹೆತ್ತಿದ್ದಳು. ಆ ಸೊಸೆ ಚಹಾ ಮಾಡಿ, ನಕ್ಕು, ಕುಪ್ಪಸ ಸರಿಸಿ ಗಾಯದ ಗೆರೆಯನ್ನೂ ತೋರಿಸಿದಳು. ಶೋಭಾ ಬಗ್ಗಿ ಆ ಗೆರೆಯನ್ನು ನೋಡಿದಳು, ಬೆರಳಿನಿಂದ ಮುಟ್ಟಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಆಸೆಯಿಂದ, "ಈಗರ ನಂಬತಿ?" ಎಂದೆ.

"ಪಾಪ, ಅಕ್ಕಾರ," ಎಂದಳು ಮೆಲ್ಲಗೆ, ಕಿಟಕಿಯ ಹೊರಗೆ ನೋಡುತ್ತಾ. "ಅವರಿಗೆ ಯಾರೂ ಇನ್ನ ಹೇಳೇ ಇಲ್ಲ."

ಬಸ್ಸಿನಲ್ಲಿದ್ದ ಜನರನ್ನೆಲ್ಲ ಒಮ್ಮೆ ನೋಡಿದೆ. ಕಬ್ಬಿನ ಸುದ್ದಿ ಮಾತಾಡುವವರು, ತೂಕಡಿಸುವವರು, ಕಡಲೆ ತಿನ್ನುವವರು. ಇವರಲ್ಲಿ ಎಷ್ಟು ಜನರ ಕಾಗದ ನನ್ನ ಕಿಟಕಿಯಿಂದ ಹೋಗಿದೆಯೋ, ಎಷ್ಟು ಜನರಿಗೆ ನಾನು ನಕ್ಕು ಹೇಳಿದ್ದೇನೋ ಎನಿಸಿತು. ಕೆಟ್ಟದ್ದೆಂದರೆ, ನನಗೇ ಅನುಮಾನ ಹತ್ತಿತು. ಶೋಭಾಳ ಕಾಗದ ನಿಜವಾಗಿ ಒಳ್ಳೆಯದೇ? ಅಥವಾ ಡಾಕ್ಟರು ನನಗೂ ನಗುತ್ತಾ ಹೇಳಿದರೇ? ಮಂಗಳವಾರ ಅವರು ಬಂದ ಕೂಡಲೇ ಅವಳ ಗಾಜಿನ ಪಟ್ಟಿ ತೆಗೆದು ಮುಂದಿಟ್ಟೆ. "ಹುಚ್ಚ ಹಿಡದೈತೇನ?" ಎಂದು ಬೈದರು. ನನ್ನ ಮುಖ ನೋಡಿ ಸುಮ್ಮನಾಗಿ ಮತ್ತೆ ಕಣ್ಣಿಟ್ಟರು. ಆಮೇಲೆ ನನ್ನನ್ನೇ ಸ್ಟೂಲಿನ ಮೇಲೆ ಕೂಡಿಸಿ ತೋರಿಸಿದರು. ಗುಲಾಬಿ ಬಣ್ಣದಲ್ಲಿ ಸಾಲಾಗಿ, ಶಿಸ್ತಾಗಿ ನಿಂತ ಜೀವಕೋಶಗಳು. ಕಲ್ಲವ್ವನ ಪಟ್ಟಿಯನ್ನೂ ತೆಗೆಸಿ ಪಕ್ಕದಲ್ಲಿ ತೋರಿಸಿದರು. ಸಂತೆ ಚದುರಿದ ಹಾಗಿತ್ತು. ಅಷ್ಟು ವರ್ಷ ಆ ಪದಗಳನ್ನು ಟೈಪ್ ಮಾಡಿದವಳು ನಾನು, ಅವು ಯಾವುದರ ಹೆಸರೆಂದು ಕಣ್ಣಾರೆ ಕಂಡದ್ದು ಅಂದೇ.

"ಈಕಿಗೆ ಜಡ್ಡಿಲ್ಲ" ಎಂದರು ಡಾಕ್ಟರು. "ಆದ್ರ ಹಿಂಗ ಉಪವಾಸ ಬಿದ್ರ ಎರಡ ತಿಂಗಳನೂ ಇರಂಗಿಲ್ಲ."

ಮರುದಿನವೇ ರಜೆ ಹಾಕಿ ಜುಗೂಳಿಗೆ ಹೋದೆ. ಬಸ್ಸಿನಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಅವಳ ಮುಂದೆ ಕುಳಿತ ಕೂಡಲೇ ಹಾರಿಹೋಯಿತು. "ಶೋಭಾ, ನಿಮ್ಮವ್ವಗ ನಾನು ಸುಳ್ಳ ಹೇಳೇನಿ" ಎಂದೆ. "ನಿಮ್ಮಕ್ಕಗೂ ಸುಳ್ಳ ಹೇಳೇನಿ. ನನಗ ಗೊತ್ತಿತ್ತು. ಗೊತ್ತಿದ್ದ ಹೇಳೇನಿ." ಅಷ್ಟು ದಿನ ಅವಳ ಕಾಗದದ ಬಗ್ಗೆ ನೂರು ಮಾತಾಡಿದ್ದೆ, ಈ ಎರಡು ಮಾತು ಒಮ್ಮೆಯೂ ಆಡಿರಲಿಲ್ಲ. ಮೊದಲ ಸಲ ಅವಳ ಸೂಜಿ ನಿಂತಿತು.

ಎದ್ದು ಒಳಗೆ ಹೋದಳು. ಎರಡು ಕೌದಿ ತಂದಳು. ಒಂದು ತಾಯಿಯ ಸೀರೆಗಳದು, ಒಂದು ಅಕ್ಕನ ಸೀರೆಗಳದು. ಕಲ್ಲವ್ವ ಅಂದು ಬೆಂಚಿನ ಮೇಲೆ ಕುಳಿತಾಗ ಉಟ್ಟಿದ್ದ ಹಸಿರು ಇಳಕಲ್ ಸೀರೆಯ ತುಂಡು ಮೊದಲನೆಯದರಲ್ಲಿತ್ತು, ಗುರುತು ಹತ್ತಿತು. ಎರಡನ್ನೂ ಮಡಚಿ, ಕೂತ ಮನುಷ್ಯರಷ್ಟು ಎತ್ತರ ಮಾಡಿ, ತನ್ನ ಎಡಕ್ಕೊಂದು ಬಲಕ್ಕೊಂದು ಇಟ್ಟಳು. ಮೂರು ಕಾಗದ ನನ್ನ ಕೈಗೆ ಕೊಟ್ಟಳು.

"ಮದಲ ಅವ್ವನ ಕಾಗದ ಓದ್ರಿ. ಅವ್ವಗ ಓದ್ರಿ. ನನಗಲ್ಲ."

ಹೊರಗೆ ಬಿಸಿಲು ಉರಿಯುತ್ತಿತ್ತು. ಮನೆಯಲ್ಲಿ ಒಂದು ಸಪ್ಪಳವಿಲ್ಲ. ನಾನು ತಾಯಿಯ ಕೌದಿಯ ಕಡೆ ತಿರುಗಿದೆ. ನಗು ಬರಲಿಲ್ಲ. "ಕಲ್ಲವ್ವಾ," ಎಂದೆ, "ನಿನಗ ಆಗಿದ್ದ ದೊಡ್ಡ ಬ್ಯಾನಿ. ಕಂಕಳಾಗೂ ಹಬ್ಬಿತ್ತು." ಒಂದೊಂದೇ ಪದ ಬಿಡಿಸಿ, ಅರ್ಥ ಹೇಳಿ, ಕೊನೆಯವರೆಗೆ ಓದಿದೆ. ನಡುವೆ ಕೌದಿಯ ಮೇಲ್ಮಡಿಕೆ ತಾನಾಗಿ ಸಡಿಲಿ ಮುಂದಕ್ಕೆ ಬಾಗಿತು, ಕೇಳಿಸದವರು ಬಗ್ಗುವ ಹಾಗೆ. ಅರಿವೆಯ ಭಾರಕ್ಕೆ ಬಾಗಿದ್ದು. ನನಗೆ ಗೊತ್ತು. ಆದರೂ ನನ್ನ ದನಿ ತಾನಾಗಿ ಜೋರಾಯಿತು. ಆಮೇಲೆ ಸುರೇಖಾಳದು ಓದಿದೆ. ಅಲ್ಲಿ ನನ್ನಿಂದ ಆಗಲಿಲ್ಲ. ಅವಳ ತಾಯಿಯ ಕಾಗದದ ಅರ್ಥ ಹೆಣ್ಣುಮಕ್ಕಳಿಗೆ ಗೊತ್ತಿದ್ದರೆ ಅವಳು ಒಂದೂವರೆ ವರ್ಷ ಮುಚ್ಚಿಕೊಂಡು ಕೂರುತ್ತಿರಲಿಲ್ಲ. ಅದನ್ನೂ ಆ ಕೌದಿಗೆ ಹೇಳಿದೆ. ಅಳುತ್ತಲೇ ಹೇಳಿದೆ. ಶೋಭಾ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಸುಳ್ಳು ಹೇಳುವಾಗಿನ ನನ್ನ ಮುಖ ಅವಳಿಗೆ ಗೊತ್ತಿತ್ತು, ಈಗ ಇನ್ನೊಂದು ಮುಖ ನೋಡುತ್ತಿದ್ದಳು.

"ಈಗ ನಂದ ಓದ್ರಿ" ಎಂದಳು.

ಓದಿದೆ. ಮುಗಿದ ಮೇಲೆ ಶೋಭಾ ಕಾಗದ ತೆಗೆದುಕೊಂಡಳು. ಆಮೇಲೆ ತನ್ನ ಕಾಗದದ ಕೆಂಪು ದಾರವನ್ನು ಸೂಜಿಯ ತುದಿಯಿಂದ ಒಂದೊಂದೇ ಎಳೆ ಬಿಚ್ಚಿದಳು. ಉಳಿದೆರಡರದು ಹಾಗೇ ಬಿಟ್ಟಳು. "ಮಹಾದೇವಕ್ಕಾ, ರೊಟ್ಟಿ ಅದಾವೇನ?" ಎಂದು ಕೂಗಿದಳು.

ಅದಾದ ಮೇಲೆ ನಾನು ಕಿಟಕಿಯಲ್ಲಿ ಕಟ್ಟಿಕೊಂಡ ಮಾತು ಹೇಳಲಿಲ್ಲ. ಡಾಕ್ಟರಿಗೆ ಹೇಳಿ ಒಳಗೊಂದು ಸಣ್ಣ ಕೋಣೆ ಮಾಡಿಸಿದೆ. ಕಾಗದ ಯಾರದೋ ಅವರನ್ನೇ ಕೂಡಿಸಿ, ಜೊತೆಗೆ ಅವರು ಬೇಕೆಂದವರನ್ನು ಕೂಡಿಸಿ, ಡಾಕ್ಟರೇ ಹೇಳುವುದು. ಹೇಳಿದ ಮೇಲೆ ಯಾರನ್ನೂ ಒಬ್ಬರನ್ನೇ ಕಳಿಸುವಂತಿಲ್ಲ, ಮನೆಯವರು ಬರುವ ತನಕ ನಾನು ಜೊತೆಗೆ ಕೂರಬೇಕು. ಮನೆಯ ಗಂಡಸರು ಜಗಳವಾಡಿದರು, ಕೆಲವರು ಬೇರೆ ಲ್ಯಾಬಿಗೆ ಹೋದರು. ಡಾಕ್ಟರು ಗೊಣಗಿದರು, ಆದರೆ ಮಾಡಿದರು. ಈಗ ಕಾಗದವೇ ಇಲ್ಲ. ಆ ಉದ್ದನೆಯ ಪದ ನೇರವಾಗಿ ಮೊಬೈಲಿಗೆ ಹೋಗುತ್ತದೆ, ಕಾಗವಾಡದ ದ್ರಾಕ್ಷಿ ತೋಟದಲ್ಲಿ ನಿಂತವಳು ಅಲ್ಲೇ ಅದರ ಅರ್ಥ ಹುಡುಕುತ್ತಾಳೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ. ಇದು ಸುಳ್ಳಿಗಿಂತ ಒಳ್ಳೆಯದೋ ಕೆಟ್ಟದ್ದೋ ನನಗೆ ಹೇಳಲು ಬರುವುದಿಲ್ಲ. ಒಂದು ಫೋನು ಮಾಡಿ, ಯಾರ ಜೊತೆಗಿದ್ದೀರಿ ಎಂದು ಕೇಳಿ, ಆಮೇಲೆ ಕಳಿಸಿ ಎಂದು ಮಾತ್ರ ಹೊಸಬರಿಗೆ ಹೇಳುತ್ತೇನೆ.

ಶೋಭಾ ಚೆನ್ನಾಗಿದ್ದಾಳೆ. ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಳ್ಳುತ್ತಾಳೆ. ಮಗಳು ಪಲ್ಲವಿಗೆ ಈ ವರ್ಷ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಸೀಟು ಸಿಕ್ಕಿತು. ಪೇಡೆ ಹಿಡಿದುಕೊಂಡು ಇಬ್ಬರೂ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಹುಡುಗಿ ಚುರುಕು. ಹೊರಡುವಾಗ ಶೋಭಾಳ ಚೀಲ ತಾನೇ ಎತ್ತಿಕೊಂಡು, "ಬಾ ಕಾಕು, ಬಸ್ಸ ತಪ್ಪತೈತಿ. ಅಲ್ಲಿ ಅವ್ವ ದಾರಿ ನೋಡ್ತಿರ್ತಾಳ" ಎಂದು ಮುಂದೆ ನಡೆದಳು. ಹೆತ್ತವಳು ಯಾರೆಂದು ಅವಳಿಗೆ ಗೊತ್ತು, ಊರಿಗೆಲ್ಲ ಗೊತ್ತು. ಶೋಭಾ ಎಷ್ಟು ವರ್ಷ ಕರೆದರೂ, ಮಹಾದೇವಿ ಎಷ್ಟು ತಿದ್ದಿದರೂ, ಆ ನಾಲಿಗೆ ಹೊರಳಲಿಲ್ಲ.

ನಾನು ಶೋಭಾಳ ಕೈ ಹಿಡಿದುಕೊಂಡೆ. ಅವಳೇ ಹೇಳಿದಳು.

"ಅವತ್ತ ನೀವು ಖರೇ ಹೇಳಿದ್ರೂ ನಮ್ಮವ್ವ ಉಳೀತಿರಲಿಲ್ರಿ, ಅಕ್ಕಾರ. ಆದ್ರ ನನಗ ಅವ್ವಾ ಅನ್ನಾಕಿ ಒಬ್ಬಾಕಿ ಇರತಿದ್ಲು."